ಯಾವ ದಡದಲ್ಲಿ ಸಿಕ್ಕಿತು? ವಾಲೇಸ್ ಕುರಿತು ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ, ಸಕಲೇಶಪುರ ಕಡೆಯಿಂದ ಬಂದ ಹಸಿರು ಮರಗಪ್ಪೆಯ ಚಿತ್ರವೊಂದಕ್ಕೆ ಉತ್ತರ ಬರೆಯುವಾಗ ಆಲ್ಫ್ರೆಡ್ ರಸೆಲ್ ವಾಲೇಸ್ ಎಂಬ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿದ್ದೆ. ಕಪ್ಪೆಯ ಬಗ್ಗೆ ಬಂದ ಪತ್ರಗಳಿಗಿಂತ ಆ ಒಂದು ಸಾಲಿನ ಬಗ್ಗೆ ಬಂದ ಪತ್ರಗಳೇ ಹೆಚ್ಚು. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದವುಗಳಲ್ಲಿ ಒಂದೇ ಅರ್ಥದವನ್ನು ಕೂಡಿಸಿ, ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಹತ್ತೊಂಬತ್ತನೆಯ ಶತಮಾನದ ಆ ಬ್ರಿಟಿಷ್ ಪ್ರಕೃತಿವಿಜ್ಞಾನಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಮೂವತ್ತು ವರ್ಷ ಸರಪಳಿ ಹಿಡಿದು ಜಮೀನು ಅಳೆದವನು. ನೀವು ಬರೆದ ವಾಲೇಸ್ ಕೂಡ ಸರ್ವೆ ಕೆಲಸದವರೇ ಆಗಿದ್ದರೆಂದು ನನ್ನ ಮೊಮ್ಮಗ ಹೇಳುತ್ತಾನೆ. ಅದು ನಿಜವೇ? ಅಳತೆಯವರಿಗೂ ಹಕ್ಕಿ, ಹುಳುಗಳಿಗೂ ಏನು ಸಂಬಂಧ?
— ನಿವೃತ್ತ ಭೂಮಾಪಕರು, ಹಾಸನ

ಉತ್ತರ: ನಿಮ್ಮ ಮೊಮ್ಮಗ ಹೇಳಿದ್ದು ನಿಜ. ಆ ಕೆಲಸವನ್ನು ವಾಲೇಸ್ ಜೀವನದ ಒಂದು ಚಿಕ್ಕ ಪೀಠಿಕೆಯೆಂದು ತಿಳಿದು ದಾಟಿಹೋಗುವವರ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. 1823ರ ಜನವರಿ 8ರಂದು ವೇಲ್ಸ್ ಸೀಮೆಯ ಅಸ್ಕ್ ಪಟ್ಟಣದ ಬಳಿ ಅವರು ಹುಟ್ಟುವ ಹೊತ್ತಿಗೆ ತಂದೆಯವರು ಒಂದಾದ ಮೇಲೊಂದು ವ್ಯವಹಾರದಲ್ಲಿ ಕೈಸುಟ್ಟುಕೊಂಡಿದ್ದರು. ಶುಲ್ಕ ಕಟ್ಟಲಾಗದೆ ಹುಡುಗನ ಶಾಲೆ ಹದಿನಾಲ್ಕನೆಯ ವಯಸ್ಸಿಗೇ ನಿಂತಿತು. 1837ರಲ್ಲಿ ಅವರು ಅಣ್ಣ ವಿಲಿಯಂ ಅವರ ಹಿಂದೆ ಸರಪಳಿ ಹೊತ್ತು ಹೊಲಗದ್ದೆಗಳ ಅಳತೆಗೆ ಹೊರಟರು. ಬೇಲಿ, ಹಳ್ಳ, ದಿಣ್ಣೆಗಳನ್ನು ನಕ್ಷೆಗೆ ಇಳಿಸುತ್ತಾ ವರ್ಷಗಟ್ಟಲೆ ಬಯಲಿನಲ್ಲಿ ನಡೆಯುವಾಗ ಕಾಲಡಿಯ ಗಿಡಗಳ ಹೆಸರು ತಿಳಿಯದಿರುವುದು ಅವರಿಗೆ ಕಸಿವಿಸಿಯಾಯಿತು. ಅಗ್ಗದ ಸಸ್ಯಶಾಸ್ತ್ರದ ಕಿರುಹೊತ್ತಗೆಯೊಂದನ್ನು ಕೊಂಡು, ಒಂದೊಂದೇ ಗಿಡವನ್ನು ಕಿತ್ತು ಒಣಗಿಸಿ ಹೆಸರು ಹುಡುಕತೊಡಗಿದರು.

ಸರ್ವೆ ಕೆಲಸ ಕಡಿಮೆಯಾದಾಗ, 1844ರಲ್ಲಿ, ಲೆಸ್ಟರ್ ನಗರದ ಶಾಲೆಯೊಂದರಲ್ಲಿ ರೇಖಾಚಿತ್ರ ಮತ್ತು ಭೂಮಾಪನ ಕಲಿಸುವ ಕೆಲಸ ಸಿಕ್ಕಿತು. ಅಲ್ಲಿ ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ಹತ್ತೊಂಬತ್ತರ ಯುವಕನ ಗೆಳೆತನವಾಯಿತು. ಬೇಟ್ಸ್ ದುಂಬಿ ಹಿಡಿಯುವ ಹುಚ್ಚಿನವರು. ಊರಿನ ಸುತ್ತಲಿನ ಕೆಲವೇ ಮೈಲಿಗಳ ಅಂತರದಲ್ಲಿ ನೂರಾರು ಬಗೆಯ ದುಂಬಿಗಳಿವೆಯೆಂದು ತೋರಿಸಿ ಅವರು ವಾಲೇಸ್ ಅವರನ್ನು ದಂಗುಬಡಿಸಿದರು. ನಾಲ್ಕು ವರ್ಷಗಳ ನಂತರ ಈ ಇಬ್ಬರೂ, ಪದವಿಯಾಗಲಿ ಪಿತ್ರಾರ್ಜಿತವಾಗಲಿ ಇಲ್ಲದೆ, ಅಮೆಜಾನಿಗೆ ಹಡಗು ಹತ್ತಿದರು.

ನಿಮ್ಮ ವೃತ್ತಿಯವರಿಗೆ ಇಷ್ಟವಾಗಬಹುದಾದ ಪ್ರಸಂಗವೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 1870ರಲ್ಲಿ ಜಾನ್ ಹ್ಯಾಂಪ್ಡನ್ ಎಂಬವರು, ಭೂಮಿ ಚಪ್ಪಟೆಯಾಗಿಲ್ಲವೆಂದು ಸಾಧಿಸಿ ತೋರಿಸುವವರಿಗೆ 500 ಪೌಂಡುಗಳ ಪಂದ್ಯ ಕಟ್ಟಿದರು. ವಾಲೇಸ್ ಇಂಗ್ಲೆಂಡಿನ ನೇರವಾದ ಕಾಲುವೆಯೊಂದರ ಆರು ಮೈಲಿ ಉದ್ದವನ್ನು ಆರಿಸಿಕೊಂಡು, ನೀರಿನ ಮಟ್ಟದಿಂದ ಒಂದೇ ಎತ್ತರದಲ್ಲಿ ಎರಡು ತುದಿಗಳನ್ನೂ ನಡುವಿನ ಗುರುತನ್ನೂ ನಿಲ್ಲಿಸಿ, ದೂರದರ್ಶಕದಲ್ಲಿ ನೋಡಿದಾಗ ನಡುವಿನ ಗುರುತು ಮೇಲೆದ್ದು ಕಾಣುವುದನ್ನು ತೋರಿಸಿದರು. ತೀರ್ಪುಗಾರರು ಅವರನ್ನೇ ಗೆಲ್ಲಿಸಿದರು. ಆದರೆ ಸೋತವರು ಹತ್ತಾರು ವರ್ಷ ಬೈಗುಳದ ಕಾಗದಗಳಿಂದ ಅವರನ್ನು ಕಾಡಿದರು. ಬಾಜಿಯ ಹಣಕ್ಕೆ ಕಾನೂನಿನ ಬಲವಿಲ್ಲವೆಂದು ನ್ಯಾಯಾಲಯ ಹೇಳಿದ್ದರಿಂದ ಆ ಹಣವೂ ದಕ್ಕಲಿಲ್ಲ. ಹದ್ದುಬಸ್ತು ಮಾಡಿಕೊಟ್ಟ ಮೇಲೂ ಬಾಂದುಕಲ್ಲು ಒಪ್ಪದ ಹಿಡುವಳಿದಾರರನ್ನು ನೀವೂ ಕಂಡಿರುತ್ತೀರಿ.

ಪ್ರಶ್ನೆ: ವಾಲೇಸ್ ಅವರ ಸಂಗ್ರಹವೆಲ್ಲ ಸಮುದ್ರದಲ್ಲಿ ಸುಟ್ಟುಹೋಯಿತೆಂದು ಓದಿದ ನೆನಪು. ಹಾಗಿದ್ದರೆ ಅಮೆಜಾನಿನ ನಾಲ್ಕು ವರ್ಷ ವ್ಯರ್ಥವಾಯಿತೇ?
— ಗೃಹಿಣಿ ಮತ್ತು ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ವ್ಯರ್ಥವಾಗಲಿಲ್ಲ, ಆದರೆ ಅದಕ್ಕೆ ತೆತ್ತ ಬೆಲೆ ಬಹಳ ದೊಡ್ಡದು. 1848ರಿಂದ 1852ರವರೆಗೆ ಅವರು ಅಮೆಜಾನ್ ಮತ್ತು ಅದರ ಉಪನದಿ ರಿಯೊ ನೀಗ್ರೊ ಪ್ರದೇಶದಲ್ಲಿ ಅಲೆದರು. ಸಹಾಯಕ್ಕೆಂದು ಬಂದ ತಮ್ಮ ಹರ್ಬರ್ಟ್ 1851ರಲ್ಲಿ ಹಳದಿ ಜ್ವರದಿಂದ ತೀರಿಕೊಂಡರು. ಕೊನೆಗೆ ವಾಲೇಸ್ ತಾವೂ ಜ್ವರದಿಂದ ಬಸವಳಿದು, ಹೆಚ್ಚಿನ ಸಂಗ್ರಹವನ್ನು ಹೆಲೆನ್ ಎಂಬ ಹಡಗಿಗೆ ಏರಿಸಿ ಊರಿಗೆ ಹೊರಟರು. 1852ರ ಆಗಸ್ಟ್ 6ರಂದು ನಡುಗಡಲಿನಲ್ಲಿ ಹಡಗಿಗೆ ಬೆಂಕಿ ಬಿತ್ತು. ಮೀನು ಮತ್ತು ತಾಳೆಜಾತಿಯ ಮರಗಳ ಕೆಲವು ಚಿತ್ರಗಳು, ಒಂದಿಷ್ಟು ಟಿಪ್ಪಣಿಗಳು ಇದ್ದ ತಗಡಿನ ಪೆಟ್ಟಿಗೆಯೊಂದು ಮಾತ್ರ ಕೈಗೆ ಸಿಕ್ಕಿತು. ಹತ್ತು ದಿನ ತೆರೆದ ದೋಣಿಯಲ್ಲಿ ತೇಲಿದ ನಂತರ ಮತ್ತೊಂದು ಹಡಗು ಅವರನ್ನು ಎತ್ತಿಕೊಂಡಿತು. ಲಂಡನ್ನಿನಲ್ಲಿ ಅವರ ಮಾರಾಟದ ಏಜೆಂಟರಾಗಿದ್ದ ಸ್ಯಾಮ್ಯುಯೆಲ್ ಸ್ಟೀವನ್ಸ್ ತಾವಾಗಿಯೇ 200 ಪೌಂಡುಗಳಿಗೆ ವಿಮೆ ಮಾಡಿಸಿಟ್ಟಿದ್ದರಿಂದ ಊಟಬಟ್ಟೆಗೆ ತತ್ವಾರವಾಗಲಿಲ್ಲ.

ನನ್ನ ದೃಷ್ಟಿಯಲ್ಲಿ ಈ ಕಥೆಯ ಮುಖ್ಯ ಭಾಗ ಬೆಂಕಿಯಲ್ಲ, ಆಮೇಲಿನ ಡಿಸೆಂಬರಿನಲ್ಲಿ ಅವರು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮುಂದೆ ಓದಿದ, ಅಮೆಜಾನಿನ ಕೋತಿಗಳನ್ನು ಕುರಿತ ಸಣ್ಣ ಪ್ರಬಂಧ. ಅಮೆಜಾನ್, ಮಡೀರ, ರಿಯೊ ನೀಗ್ರೊಗಳಂಥ ದೊಡ್ಡ ನದಿಗಳು ಕೆಲವು ಕೋತಿ ಜಾತಿಗಳಿಗೆ ಗಡಿಯಾಗಿವೆ, ಒಂದು ದಡದ ಜಾತಿ ಎದುರು ದಡದಲ್ಲಿ ಇರುವುದಿಲ್ಲ ಎಂಬುದು ಅದರ ಸಾರ. ಹೀಗಿದ್ದೂ ವಸ್ತುಸಂಗ್ರಹಾಲಯಗಳ ಮಾದರಿಗಳ ಮೇಲಿನ ಚೀಟಿಗಳಲ್ಲಿ ಬ್ರೆಜಿಲ್, ದಕ್ಷಿಣ ಅಮೆರಿಕ ಎಂದಷ್ಟೇ ಬರೆದಿರುವುದನ್ನು ಅವರು ಅದರಲ್ಲಿ ಆಕ್ಷೇಪಿಸಿದರು. ನದಿಯ ಯಾವ ದಡದಲ್ಲಿ ಸಿಕ್ಕಿತು ಎಂಬುದು ಬರೆದಿರದಿದ್ದರೆ ಆ ಪ್ರಾಣಿಯ ಅರ್ಧ ಕಥೆ ಕಾಡಿನಲ್ಲಿಯೇ ಉಳಿದಂತೆ. ಚರ್ಮವನ್ನೂ ತಲೆಬುರುಡೆಯನ್ನೂ ಅಳೆದು ಕೂಡಿಸಿಡುವುದೇ ವಿಜ್ಞಾನವೆಂದು ತಿಳಿದಿದ್ದ ಕಾಲದಲ್ಲಿ, ಗಡಿಯ ಕಡೆಗೆ ಮೊದಲು ಕಣ್ಣು ಹೋದದ್ದು ಗಡಿ ಗುರುತಿಸಿ ಅನ್ನ ತಿಂದವರಿಗೇ. ಹಿಂದಿನ ಉತ್ತರದಲ್ಲಿ ಸರಪಳಿಯ ಮಾತನ್ನು ನಾನು ಬೆಳೆಸಿದ್ದು ಇದಕ್ಕಾಗಿ.

1854ರ ಏಪ್ರಿಲಿನಲ್ಲಿ ಸಿಂಗಪುರದಲ್ಲಿ ಇಳಿದು, ಮಲಯ ದ್ವೀಪಗಳಲ್ಲಿ ಎಂಟು ವರ್ಷ ಸುತ್ತುವಾಗ, ದ್ವೀಪದ ಹೆಸರಿಲ್ಲದ ಮಾದರಿ ತಮ್ಮ ಖಾಸಗಿ ಸಂಗ್ರಹದಲ್ಲಿ ಇರದಂತೆ ಅವರು ನೋಡಿಕೊಂಡರು.

ಪ್ರಶ್ನೆ: ಭೂಪಟದಲ್ಲಿ ಬಾಲಿ ಮತ್ತು ಲೊಂಬೊಕ್ ದ್ವೀಪಗಳ ನಡುವೆ ವಾಲೇಸ್ ರೇಖೆ ಎಂಬ ಗೆರೆ ಇರುತ್ತದೆ. ಮಕ್ಕಳಿಗೆ ಹೇಳುವಾಗ, ಅದು ನಮ್ಮ ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಗಡಿಯಂತೆ ಎನ್ನುತ್ತೇನೆ. ಈ ಹೋಲಿಕೆ ಸರಿಯೇ?
— ಪ್ರೌಢಶಾಲಾ ಶಿಕ್ಷಕಿ, ಚಿಕ್ಕಮಗಳೂರು

ಉತ್ತರ: ಅರ್ಧ ದಾರಿಯವರೆಗೆ ಈ ಹೋಲಿಕೆ ನಿಮಗೆ ನೆರವಾಗುತ್ತದೆ, ಆಮೇಲೆ ದಾರಿ ತಪ್ಪಿಸುತ್ತದೆ. ತಪ್ಪಿಸುವ ಜಾಗವೇ ಪಾಠಕ್ಕೆ ಒಳ್ಳೆಯದು.

ಸಕಲೇಶಪುರದಲ್ಲಿ ರೈಲು ಹತ್ತಿ ಹಾಸನದ ಮೂಲಕ ಅರಸೀಕೆರೆಗೆ ಹೋಗುವವರು ಕಿಟಕಿಯ ಹೊರಗೆ ಮೊದಲು ಕಾಫಿ ತೋಟಗಳನ್ನು, ಆಮೇಲೆ ಆಲೂಗೆಡ್ಡೆಯ ಹೊಲಗಳನ್ನು, ಕೊನೆಗೆ ರಾಗಿಯ ಹೊಲಗಳನ್ನೂ ತೆಂಗಿನ ತೋಟಗಳನ್ನೂ ಕಾಣುತ್ತಾರೆ. ಮಂಗಟ್ಟೆ ಹಕ್ಕಿ ಘಟ್ಟದ ಕಾಡಿನಲ್ಲಿಯೇ ಉಳಿಯುತ್ತದೆ, ಗೌಜಲ ಹಕ್ಕಿಯ ಕೂಗು ಬಯಲಿನಲ್ಲಿ ಕೇಳುತ್ತದೆ. ಒಂದೇ ಜಿಲ್ಲೆಯೊಳಗಿನ ಈ ಬದಲಾವಣೆಗೆ ಕಾರಣ ಮಳೆ. ಘಟ್ಟ ಮೋಡವನ್ನು ತಡೆದು ಬರಿದು ಮಾಡುವುದರಿಂದ ಪೂರ್ವಕ್ಕೆ ಹೋದಂತೆ ಮಳೆ ಇಳಿಯುತ್ತದೆ, ಮಳೆಯ ಹಿಂದೆ ಮರ ಬದಲಾಗುತ್ತದೆ, ಮರದ ಹಿಂದೆ ಹಕ್ಕಿ. ಇದರಲ್ಲಿ ಯಾರಿಗೂ ಅಚ್ಚರಿಯಿಲ್ಲ.

ಬಾಲಿ ಮತ್ತು ಲೊಂಬೊಕ್ ದ್ವೀಪಗಳ ವಿಷಯ ಹಾಗಲ್ಲ. ಅವೆರಡರ ನಡುವಿನ ಜಲಸಂಧಿ ಅತಿ ಕಿರಿದಾದ ಕಡೆ ಇಪ್ಪತ್ತು ಕಿಲೋಮೀಟರಿನಷ್ಟು. ಎರಡರಲ್ಲಿಯೂ ಜ್ವಾಲಾಮುಖಿ ಬೆಟ್ಟಗಳಿವೆ, ಹವೆಯಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲ. 1856ರ ಜೂನ್ ತಿಂಗಳಲ್ಲಿ ವಾಲೇಸ್ ಬಾಲಿಯಲ್ಲಿ ಎರಡು ದಿನ ತಂಗಿ ಲೊಂಬೊಕ್‌ಗೆ ದಾಟಿದರು. ಬಾಲಿಯಲ್ಲಿ ಕುಟ್ರು ಹಕ್ಕಿ, ಮರಕುಟಿಗಗಳಂಥ ಏಷ್ಯಾದ ಕಡೆಯ ಹಕ್ಕಿಗಳಿದ್ದವು. ಲೊಂಬೊಕ್‌ನಲ್ಲಿ ಕುಟ್ರು ಹಕ್ಕಿ ಒಂದೂ ಕಾಣಲಿಲ್ಲ. ಬದಲಿಗೆ ಬಿಳಿಯ ಕಾಕಟೂ ಗಿಳಿಗಳು, ಆಸ್ಟ್ರೇಲಿಯಾ ಕಡೆಯ ಜೇನುಣ್ಣುವ ಹಕ್ಕಿಗಳು, ಮಣ್ಣು ಮತ್ತು ತರಗೆಲೆಯ ದಿಬ್ಬ ಮಾಡಿ ಅದರೊಳಗೆ ಮೊಟ್ಟೆಯನ್ನು ಹುಗಿದಿಡುವ ಕೋಳಿಯಂಥ ಹಕ್ಕಿಗಳು ಕಂಡವು. ಹವೆ ಒಂದೇ, ನೆಲ ಒಂದೇ, ಹಕ್ಕಿಗಳು ಮಾತ್ರ ಬೇರೆ ಖಂಡದವು. ಆಯಾ ಹವಾಗುಣಕ್ಕೆ ತಕ್ಕಂತೆ ಆಯಾ ಪ್ರಾಣಿಗಳನ್ನು ಸೃಷ್ಟಿಸಿ ಇಡಲಾಗಿದೆ ಎಂಬ ಅಂದಿನ ನಂಬಿಕೆಗೆ ಇಲ್ಲಿ ಉತ್ತರವಿರಲಿಲ್ಲ. ಹವೆಯನ್ನು ಬಿಟ್ಟು ನೆಲದ ಚರಿತ್ರೆಯನ್ನೇ ಕೇಳಬೇಕಾಯಿತು.

ಆ ಚರಿತ್ರೆ ಸಮುದ್ರದ ಆಳದಲ್ಲಿದೆ. ಸುಮಾತ್ರ, ಜಾವ, ಬೋರ್ನಿಯೊ ಮತ್ತು ಬಾಲಿಗಳ ಸುತ್ತಲಿನ ಸಮುದ್ರ ಆಳವಿಲ್ಲದ್ದು. ಹಿಮಯುಗಗಳಲ್ಲಿ ನೀರು ಮಂಜುಗಡ್ಡೆಯಾಗಿ ಕಟ್ಟಿಕೊಂಡು ಸಮುದ್ರಮಟ್ಟ ಸುಮಾರು 120 ಮೀಟರ್ ಇಳಿದಾಗ ಅವೆಲ್ಲವೂ ಏಷ್ಯಾದ ನೆಲಕ್ಕೆ ಸೇರಿಕೊಂಡವು. ಹುಲಿಯೂ ಬಾಲಿಯವರೆಗೆ ನಡೆದುಹೋಯಿತು. ಆದರೆ ಲೊಂಬೊಕ್ ಜಲಸಂಧಿ 250 ಮೀಟರಿಗೂ ಹೆಚ್ಚು ಆಳ. ಅದು ಬತ್ತಲೇ ಇಲ್ಲ. ಹಿಮಯುಗದ ಲೆಕ್ಕ ನಂತರದವರದು. ಆಳವಿಲ್ಲದ ಸಮುದ್ರ ಹಿಂದೊಮ್ಮೆ ನೆಲವಾಗಿತ್ತು, ಆಳವಾದದ್ದು ಹಳೆಯ ಗಡಿ ಎಂಬ ತರ್ಕ ವಾಲೇಸ್ ಅವರದೇ. 1863ರಲ್ಲಿ ಅಚ್ಚಾದ ನಕ್ಷೆಯಲ್ಲಿ ಅವರು ಬಾಲಿ ಮತ್ತು ಲೊಂಬೊಕ್ ನಡುವಿನಿಂದ ಹೊರಟು, ಬೋರ್ನಿಯೊ ಮತ್ತು ಸುಲಾವೆಸಿ ನಡುವೆ ಹಾಯ್ದು ಫಿಲಿಪೈನ್ಸ್ ಕಡೆಗೆ ಹೋಗುವ ಕೆಂಪು ಗೆರೆಯನ್ನು ಎಳೆದರು. 1868ರಲ್ಲಿ ಅದಕ್ಕೆ ವಾಲೇಸ್ ಅವರ ಹೆಸರು ಕೊಟ್ಟವರು ಜೀವವಿಜ್ಞಾನಿ ಥಾಮಸ್ ಹಕ್ಸ್ಲಿ.

ತಮಾಷೆಯೆಂದರೆ, ಅವರಿಗೆ ಲೊಂಬೊಕ್‌ಗೆ ಹೋಗುವ ಆಲೋಚನೆಯೇ ಇರಲಿಲ್ಲ. ಸಿಂಗಪುರದಿಂದ ಸುಲಾವೆಸಿ ದ್ವೀಪದ ಮಕಾಸರಿಗೆ ನೇರ ಹಡಗು ಸಿಗದೆ ಸುತ್ತುದಾರಿಯಲ್ಲಿ ಹೋದದ್ದು. ನೇರ ಹಡಗು ಸಿಕ್ಕಿದ್ದರೆ ತಮ್ಮ ಪ್ರವಾಸದ ಅತಿ ಮುಖ್ಯ ಶೋಧಗಳಲ್ಲಿ ಕೆಲವು ತಪ್ಪಿಹೋಗುತ್ತಿದ್ದವೆಂದು ಅವರೇ ಬರೆದುಕೊಂಡಿದ್ದಾರೆ.

ಮಕ್ಕಳಿಗೆ ಹತ್ತಿರದ ಉದಾಹರಣೆಯೇ ಬೇಕಾದರೆ ಬಾಬಾಬುಡನ್‌ಗಿರಿಯ ಶೋಲಾ ಕಾಡಿನಲ್ಲಿ ನೆಲದ ಸಮೀಪವೇ ಓಡಾಡುವ ನೀಲಗಿರಿ ನೀಲಿ ರಾಬಿನ್ ಹಕ್ಕಿಯನ್ನು ತೋರಿಸಿ. ಅದು ಇಲ್ಲಿಂದ ದಕ್ಷಿಣಕ್ಕೆ ನೀಲಗಿರಿಯವರೆಗಿನ ಎತ್ತರದ ಬೆಟ್ಟಗಳಲ್ಲಿದೆ. ಪಾಲಕ್ಕಾಡ್ ಕಣಿವೆಯನ್ನು ದಾಟಿದ ಕೂಡಲೇ ಅದರ ಜಾಗದಲ್ಲಿ ಹತ್ತಿರದ ಸಂಬಂಧಿಯಾದ ಇನ್ನೊಂದು ಜಾತಿ ಇದೆ. ಎರಡೂ ಕಡೆ ಕಾಡು ಒಂದೇ ಬಗೆಯದು, ಚಳಿ ಒಂದೇ ಬಗೆಯದು, ನಡುವೆ ಬಿಸಿಲಿನ ತಗ್ಗು. ಈ ಗಡಿ ಲೊಂಬೊಕ್‌ನ ನೆಂಟನೇ ಹೊರತು, ಮಲೆನಾಡು ಮತ್ತು ಬಯಲುಸೀಮೆಗಳ ಗಡಿ ಅಲ್ಲ.

ಪ್ರಶ್ನೆ: ವಾಲೇಸ್ ಕಳುಹಿಸಿದ ಕಾಗದವನ್ನು ಡಾರ್ವಿನ್ ಕದ್ದು ತಮ್ಮ ಸಿದ್ಧಾಂತ ಮಾಡಿಕೊಂಡರೆಂದು ಯೂಟ್ಯೂಬಿನಲ್ಲಿ ನೋಡಿದೆ. ಇದು ಸತ್ಯವೇ, ಸರ್?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ಸತ್ಯವಲ್ಲ ಮಗು. ಆದರೆ ಅಲ್ಲಿ ನಡೆದದ್ದೆಲ್ಲವೂ ಮೆಚ್ಚುವಂಥದ್ದೆಂದೂ ಹೇಳಲಾರೆ. ಕ್ರಮವಾಗಿ ನೋಡೋಣ.

1855ರಲ್ಲಿ ಬೋರ್ನಿಯೊ ದ್ವೀಪದ ಸರಾವಾಕ್‌ನಲ್ಲಿ ಮಳೆಗಾಲ ಕಳೆಯುತ್ತಾ ವಾಲೇಸ್ ಒಂದು ಪ್ರಬಂಧ ಬರೆದರು. ಪ್ರತಿಯೊಂದು ಹೊಸ ಜೀವಿಜಾತಿಯೂ ಅದಕ್ಕೆ ಹತ್ತಿರದ ಹಳೆಯ ಜಾತಿಯೊಂದು ಇದ್ದ ಜಾಗದಲ್ಲಿಯೇ, ಅದೇ ಕಾಲಕ್ಕೆ ಹೊಂದಿಕೊಂಡೇ ಕಾಣಿಸಿಕೊಂಡಿದೆ ಎಂಬುದು ಅದರ ತಿರುಳು. ಇಲ್ಲಿಯೂ ಅವರ ಸಾಕ್ಷ್ಯ ನಕ್ಷೆಯೇ: ಹತ್ತಿರದ ಬಂಧುಗಳು ಹತ್ತಿರದ ನೆಲದಲ್ಲಿ ಸಿಗುತ್ತವೆ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಅದನ್ನು ಓದಿ, ಆ ವರ್ಷದ ಡಿಸೆಂಬರಿನಲ್ಲಿ ಡಾರ್ವಿನ್ನರ ಗಮನವನ್ನು ಮೆಚ್ಚುಗೆಯೊಂದಿಗೆ ಅದರ ಕಡೆಗೆ ಸೆಳೆದರು. ಡಾರ್ವಿನ್ ಆಗ ಅದಕ್ಕೆ ಅಷ್ಟು ಬೆಲೆ ಕೊಡಲಿಲ್ಲ.

1858ರ ಫೆಬ್ರವರಿಯಲ್ಲಿ ಮೊಲುಕ್ಕ ದ್ವೀಪಗಳಲ್ಲಿ, ಬಿಟ್ಟುಬಿಟ್ಟು ಬರುವ ಚಳಿಜ್ವರದಲ್ಲಿ ಕಂಬಳಿ ಹೊದ್ದು ಮಲಗಿದ್ದಾಗ, ವಾಲೇಸ್ ಅವರಿಗೆ ಹಿಂದೆ ಓದಿದ್ದ ಮಾಲ್ಥಸ್ ಅವರ ಜನಸಂಖ್ಯೆಯ ವಿಚಾರ ನೆನಪಾಯಿತು. ಹುಟ್ಟುವ ಪ್ರಾಣಿಗಳಲ್ಲಿ ಬಹುಪಾಲು ಸಾಯುತ್ತವೆ; ಹಾಗಾದರೆ ಉಳಿಯುವವು ಯಾವುವು? ಆಯಾ ಸ್ಥಿತಿಗೆ ತುಸು ಹೆಚ್ಚು ಒಗ್ಗಿದವು. ನೈಸರ್ಗಿಕ ಆಯ್ಕೆ ಎನ್ನುವುದು ಇದನ್ನೇ. ಜ್ವರ ಇಳಿದ ಮೇಲೆ ಎರಡು ಸಂಜೆಗಳಲ್ಲಿ ಅದನ್ನು ಬರೆದು, ಭೂವಿಜ್ಞಾನಿ ಚಾರ್ಲ್ಸ್ ಲಯಲ್ ಅವರಿಗೆ ತೋರಿಸಬಹುದೇ ಎಂಬ ಕೋರಿಕೆಯೊಂದಿಗೆ ಡಾರ್ವಿನ್ನರಿಗೇ ಕಳುಹಿಸಿದರು. ಅದು ಜೂನ್ ತಿಂಗಳಲ್ಲಿ ಡಾರ್ವಿನ್ನರ ಕೈಸೇರಿತು. ಆ ಹೊತ್ತಿಗೆ ಅವರು ಇಪ್ಪತ್ತು ವರ್ಷಗಳಿಂದ ಇದೇ ವಿಚಾರವನ್ನು ಬೆಳೆಸಿ ಅಚ್ಚಿಗೆ ಕೊಡದೆ ಕುಳಿತಿದ್ದರು. 1844ರ ಅವರ ದೀರ್ಘ ಹಸ್ತಪ್ರತಿಯನ್ನು ಸಸ್ಯವಿಜ್ಞಾನಿ ಹೂಕರ್ ಓದಿದ್ದರು, 1857ರಲ್ಲಿ ಅಮೆರಿಕದ ಏಸಾ ಗ್ರೇ ಅವರಿಗೆ ಅದರ ಸಾರಾಂಶ ಬರೆದು ಕಳುಹಿಸಿದ್ದರು. ಕದ್ದರೆಂಬ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ.

ಲಯಲ್ ಮತ್ತು ಹೂಕರ್ ಸೇರಿ ಇಬ್ಬರ ಬರಹವನ್ನೂ 1858ರ ಜುಲೈ 1ರಂದು ಲಂಡನ್ನಿನ ಪ್ರಕೃತಿವಿಜ್ಞಾನಿಗಳ ಸಂಘವಾದ ಲಿನಿಯನ್ ಸೊಸೈಟಿಯಲ್ಲಿ ಓದಿಸಿದರು. ಡಾರ್ವಿನ್ನರ ಹಳೆಯ ಭಾಗಗಳು ಮೊದಲು, ವಾಲೇಸ್ ಅವರ ಪ್ರಬಂಧ ಕೊನೆಗೆ. ಕಾಗದ ಹೋಗಿ ಬರಲು ತಿಂಗಳುಗಳು ಬೇಕಾಗಿದ್ದುದರಿಂದ ವಾಲೇಸ್ ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಕೇಳಲು ಪ್ರಯತ್ನವೂ ನಡೆಯಲಿಲ್ಲ. ನನಗೆ ಸರಿಕಾಣದಿರುವುದು ಇಷ್ಟೇ. ತಿಂಗಳುಗಳ ನಂತರ ಸುದ್ದಿ ತಿಳಿದಾಗ ವಾಲೇಸ್ ಸಂತೋಷಪಟ್ಟರು, ಕೊನೆಯವರೆಗೂ ಅದನ್ನು ಡಾರ್ವಿನ್ನರ ಸಿದ್ಧಾಂತವೆಂದೇ ಕರೆದರು. 1889ರಲ್ಲಿ ತಾವೇ ಬರೆದ ವಿಕಾಸವಾದದ ಪುಸ್ತಕಕ್ಕೂ ಡಾರ್ವಿನ್ನರ ಹೆಸರನ್ನೇ ಇಟ್ಟರು.

ಪರೀಕ್ಷೆಗೆ ಬರದಿದ್ದರೂ ಒಂದು ಭೇದವನ್ನು ತಿಳಿದುಕೋ. ಡಾರ್ವಿನ್ ತಮ್ಮ ವಾದವನ್ನು ಸಾಕುಪಾರಿವಾಳ, ದನಗಳ ತಳಿಗಳಿಂದ ಆರಂಭಿಸಿದರು. ಸಾಕುಪ್ರಾಣಿಗಳ ತಳಿಗಳಿಂದ ಕಾಡುಪ್ರಾಣಿಗಳ ಬಗ್ಗೆ ತೀರ್ಮಾನಕ್ಕೆ ಬರಬಾರದೆಂದು ವಾಲೇಸ್ 1858ರ ಆ ಪ್ರಬಂಧದಲ್ಲಿ ವಾದಿಸಿದ್ದರು.

ಪ್ರಶ್ನೆ: ನಿಮ್ಮ ಕಪ್ಪೆಯ ಉತ್ತರ ಓದಿದ ಮೇಲೆ ಬರೆಯುತ್ತಿದ್ದೇನೆ. ನಮ್ಮ ತೋಟದ ಲೈನ್ ಮನೆಯವರೊಬ್ಬರು, ಕಪ್ಪೆ ಮರದ ತುದಿಯಿಂದ ಓರೆಯಾಗಿ ತೇಲಿ ಬಂತೆಂದು ಹೇಳಿದಾಗ ನಾನು ನಕ್ಕಿದ್ದೆ. ವಾಲೇಸ್ ಕಂಡದ್ದು ಇದೇ ಕಪ್ಪೆಯೇ?
— ಕಾಫಿ ಬೆಳೆಗಾರರು, ಸಕಲೇಶಪುರ ತಾಲ್ಲೂಕು

ಉತ್ತರ: ಇದೇ ಜಾತಿಯಲ್ಲ, ಆದರೆ ಇದೇ ಕುಲದ್ದು. ನಿಮ್ಮ ಪತ್ರವನ್ನು ಓದಿ ನಾನು ಒಂದು ಕ್ಷಣ ಬೆರಗಾದೆ, ಏಕೆಂದರೆ ವಾಲೇಸ್ ಅವರಿಗೂ ಆ ಸಂಗತಿಯನ್ನು ಹೇಳಿದ್ದು ಕೂಲಿಯವರೇ. ಸರಾವಾಕ್‌ನ ಸಿಮುಂಜನ್ ಕಲ್ಲಿದ್ದಲು ಗಣಿಯ ಬಳಿ ಬಿಡಾರ ಹೂಡಿದ್ದಾಗ, ಹುಳು ತಂದುಕೊಟ್ಟವರಿಗೆ ಅವರು ಒಂದೊಂದಕ್ಕೆ ಒಂದು ಸೆಂಟ್ ಕೊಡುತ್ತಿದ್ದರು. ಅಲ್ಲಿ ಒಬ್ಬ ಚೀನೀ ಕೆಲಸಗಾರ ದೊಡ್ಡ ಮರಗಪ್ಪೆಯೊಂದನ್ನು ತಂದು, ಇದು ಎತ್ತರದ ಮರದಿಂದ ಹಾರಿದಂತೆ ಓರೆಯಾಗಿ ಇಳಿಯಿತೆಂದು ಹೇಳಿದ. ವಾಲೇಸ್ ನಗಲಿಲ್ಲ. ಕಪ್ಪೆಯ ಬೆರಳುಗಳ ನಡುವಿನ ಪೊರೆಯನ್ನು ಬಿಡಿಸಿ ಅಳೆದರು: ಸುಮಾರು ನಾಲ್ಕು ಇಂಚಿನ ದೇಹಕ್ಕೆ ನಾಲ್ಕು ಪಾದಗಳ ಪೊರೆ ಸೇರಿ ಹನ್ನೆರಡು ಚದರ ಇಂಚು. ಮೈ ಹಸಿರು, ಪೊರೆ ಕಪ್ಪು, ಅದರಲ್ಲಿ ಹಳದಿ ಗೆರೆಗಳು. ಚಿತ್ರ ಬರೆದಿಟ್ಟುಕೊಂಡು ತಮ್ಮ 1869ರ ಪ್ರವಾಸಗ್ರಂಥದಲ್ಲಿ ಅಚ್ಚುಹಾಕಿಸಿದರು. ಅದಕ್ಕೆ ಶಾಸ್ತ್ರೀಯ ಹೆಸರು ಬಂದದ್ದು 1895ರಲ್ಲಿ.

ನಮ್ಮ ಘಟ್ಟದ ಮಲಬಾರ್ ಹಾರುವ ಕಪ್ಪೆಗೆ 1870ರಲ್ಲಿಯೇ ಹೆಸರಿಟ್ಟವರು ಮದ್ರಾಸ್ ಸೈನ್ಯದ ವೈದ್ಯರಾಗಿದ್ದ ಥಾಮಸ್ ಜೆರ್ಡನ್. ಇದರ ಪೊರೆ ಕಿತ್ತಳೆ ಬೆರೆತ ಕೆಂಪು. ಮಳೆಗಾಲದಲ್ಲಿ ಕೆರೆ, ತೊಟ್ಟಿಗಳ ಮೇಲೆ ಬಾಗಿದ ಎಲೆಗಳಲ್ಲಿ ನೊರೆಗೂಡು ಕಟ್ಟುತ್ತದೆ. ಮರಿಗಳು ಅದರಿಂದ ನೇರವಾಗಿ ನೀರಿಗೆ ಬೀಳುತ್ತವೆ. ಹತ್ತು ಮೀಟರಿನಷ್ಟು ದೂರ ಅದು ತೇಲಿ ಹೋಗಬಲ್ಲದು. ಲೈನ್ ಮನೆಯ ಆ ನಿಮ್ಮವರ ಬಳಿ ಇನ್ನೊಮ್ಮೆ ಮಾತನಾಡಿ. ನೋಡಿದ್ದು ಯಾವ ತಿಂಗಳಲ್ಲಿ, ಎಷ್ಟು ಹೊತ್ತಿಗೆ, ಯಾವ ಮರದಿಂದ, ನೀರು ಎಷ್ಟು ದೂರದಲ್ಲಿತ್ತು ಎಂದು ಕೇಳಿ ಬರೆದು ಕಳುಹಿಸಿದರೆ ಪ್ರಕಟಿಸುತ್ತೇನೆ. ಕಳೆದ ತಿಂಗಳ ಚಿತ್ರದ ಹಿಂದೆ ಸಕಲೇಶಪುರ ಎಂದಷ್ಟೇ ಇತ್ತು. ಬಿಸಿಲೆ ಘಾಟಿಯೂ ಸಕಲೇಶಪುರ ತಾಲ್ಲೂಕೇ, ಹೆತ್ತೂರು ಕಡೆಯ ತೋಟವೂ ಸಕಲೇಶಪುರ ತಾಲ್ಲೂಕೇ.

ಆ ಚೀನೀ ಕೆಲಸಗಾರನ ಹೆಸರನ್ನು ವಾಲೇಸ್ ಬರೆದಿಡಲಿಲ್ಲ. ಮಾದರಿಯ ಊರು ಬರೆಯುವುದರಲ್ಲಿ ಅಷ್ಟು ಕಟ್ಟುನಿಟ್ಟಾದವರು ತಂದುಕೊಟ್ಟವರ ಹೆಸರಿನಲ್ಲಿ ಕೈಬಿಗಿ ಹಿಡಿದರೆಂಬುದು ನನ್ನ ದೂರು. ಇದಕ್ಕೆ ದೊಡ್ಡ ಅಪವಾದ ಅಲಿ. ಸರಾವಾಕ್‌ನಲ್ಲಿ ಅಡುಗೆಗೆಂದು ಸೇರಿದ ಈ ಮಲಯ ಹುಡುಗ ಹಕ್ಕಿ ಹೊಡೆಯುವುದನ್ನೂ ಚರ್ಮ ಬಿಡಿಸಿ ಹದಮಾಡುವುದನ್ನೂ ಕಲಿತು ಕೊನೆಗೆ ವಾಲೇಸ್ ಅವರ ಬಲಗೈಯಾದ. 1858ರಲ್ಲಿ ಬಚಾನ್ ದ್ವೀಪದಲ್ಲಿ, ಭುಜದಿಂದ ಎರಡೆರಡು ಬಿಳಿ ಗರಿಗಳು ಬಾವುಟದಂತೆ ಎದ್ದುನಿಲ್ಲುವ, ಅದುವರೆಗೆ ವಿಜ್ಞಾನಕ್ಕೆ ತಿಳಿಯದಿದ್ದ ಸ್ವರ್ಗದ ಹಕ್ಕಿಯನ್ನು ತಂದವನು ಅಲಿ. ಆ ಹಕ್ಕಿಯ ಹೆಸರಿನಲ್ಲಿ ಇಂದು ಇರುವುದು ವಾಲೇಸ್. 1907ರಲ್ಲಿ ಅಮೆರಿಕದ ಪ್ರಾಣಿವಿಜ್ಞಾನಿ ಥಾಮಸ್ ಬಾರ್ಬರ್ ಟೆರ್ನಾಟೆ ದ್ವೀಪಕ್ಕೆ ಹೋಗಿದ್ದಾಗ ವೃದ್ಧರೊಬ್ಬರು ಎದುರಾಗಿ, ತಾನು ಅಲಿ ವಾಲೇಸ್ ಎಂದು ಪರಿಚಯಿಸಿಕೊಂಡರಂತೆ.

ಪ್ರಶ್ನೆ: ಸಾವಿರಾರು ಪ್ರಾಣಿಗಳನ್ನು ಕೊಂದು ಮಾರಿದವರನ್ನು ಪ್ರಕೃತಿಪ್ರೇಮಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ತಾವೇನು ಹೇಳುತ್ತೀರಿ?
— ಪದವಿ ವಿದ್ಯಾರ್ಥಿ ಮತ್ತು ಪಕ್ಷಿವೀಕ್ಷಕ, ಚಿಕ್ಕಮಗಳೂರು

ಉತ್ತರ: ಲೆಕ್ಕ ಸಾವಿರಗಳಲ್ಲಿಲ್ಲ, ಲಕ್ಷದಲ್ಲಿದೆ. ಮಲಯ ದ್ವೀಪಗಳ ಎಂಟು ವರ್ಷಗಳಲ್ಲಿ 1,25,660 ಮಾದರಿಗಳು. ಅವುಗಳಲ್ಲಿ 83,200 ದುಂಬಿಗಳು, 13,100 ಚಿಟ್ಟೆ ಪತಂಗಗಳು, 8,050 ಹಕ್ಕಿಗಳು, 310 ಸಸ್ತನಿಗಳು. ಸ್ಟೀವನ್ಸ್ ಲಂಡನ್ನಿನಲ್ಲಿ ಮಾರಿ ಕಳುಹಿಸುತ್ತಿದ್ದ ಹಣವೇ ಮುಂದಿನ ದ್ವೀಪದ ದೋಣಿಗೂ ಅಕ್ಕಿಗೂ ಆಗಬೇಕಿತ್ತು. ಡಾರ್ವಿನ್ನರಿಗೆ ತಂದೆಯ ಆಸ್ತಿ ಇತ್ತು, ಇವರಿಗೆ ಬಲೆ ಮತ್ತು ಬಂದೂಕು.

ನಿಮ್ಮ ಇರಿಸುಮುರಿಸು ನನಗೂ ಇದೆ. ಸರಾವಾಕ್‌ನಲ್ಲಿ ಅವರು ಒರಾಂಗುಟಾನ್ ವಾನರಗಳನ್ನು ಹೊಡೆದ ಪುಟಗಳನ್ನು ಓದಲು ಹಿಂಸೆಯಾಗುತ್ತದೆ. ಹೊಡೆದ ತಾಯಿಯ ಮರಿಯೊಂದು ಕೆಸರಿನಲ್ಲಿ ಬಿದ್ದಿತ್ತು. ಅದನ್ನು ಎತ್ತಿ ತಂದು, ಹಾಲು ಸಿಗದ ಆ ಜಾಗದಲ್ಲಿ ಅಕ್ಕಿಗಂಜಿ ಕುಡಿಸಿ, ಮೈ ತೊಳೆದು, ಒಂಟಿತನ ಕಳೆಯಲು ಸಣ್ಣ ಕೋತಿಯೊಂದನ್ನು ಜೊತೆಗಿಟ್ಟು ಸುಮಾರು ಮೂರು ತಿಂಗಳು ಸಾಕಿದರು. ಅದು ಜ್ವರದಿಂದ ಸತ್ತಾಗ ನಿಜವಾಗಿ ದುಃಖಪಟ್ಟರು. ಆಮೇಲೆ ಅದರ ಚರ್ಮವನ್ನೂ ಅಸ್ಥಿಪಂಜರವನ್ನೂ ಸಂಗ್ರಹಕ್ಕೆ ಸೇರಿಸಿದರು. ಈ ಎರಡನ್ನೂ ಒಬ್ಬರೇ ಮಾಡಿದರು. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಿಕೊಂಡರೆ ಅವರು ಅರ್ಥವಾಗುವುದಿಲ್ಲ. 1857ರಲ್ಲಿ ‘ಆರು’ ಎಂಬ ಹೆಸರಿನ ದ್ವೀಪಸಮೂಹದಲ್ಲಿ ಕೆಂಪು ಮಾಣಿಕ್ಯದಂಥ ಸ್ವರ್ಗದ ಹಕ್ಕಿಯೊಂದನ್ನು ಕೈಯಲ್ಲಿ ಹಿಡಿದು ಅವರು ಯೋಚಿಸಿದ್ದು ಇದು: ನೋಡುವವರಿಲ್ಲದ ಕಾಡಿನಲ್ಲಿ ಇಷ್ಟು ಕಾಲ ಬಾಳಿದ ಈ ಚೆಲುವು ಮನುಷ್ಯನಿಗಾಗಿ ಆದದ್ದಲ್ಲ, ನಾಗರಿಕ ಮನುಷ್ಯ ಇಲ್ಲಿಗೆ ಬಂದರೆ ಇದು ಅಳಿದುಹೋಗುವುದು ಖಚಿತ. ಹಾಗೆ ಬಂದವರಲ್ಲಿ ತಾವೂ ಒಬ್ಬರೆಂಬುದು ಅವರಿಗೆ ಹೊಳೆಯದೆ ಇರಲಿಲ್ಲವೆಂದು ನನ್ನ ಊಹೆ.

ಪ್ರಶ್ನೆ: ಇಷ್ಟು ದೊಡ್ಡ ವಿಜ್ಞಾನಿ ಪ್ರೇತಾತ್ಮಗಳನ್ನು ನಂಬುತ್ತಿದ್ದರಂತೆ?
— ಓದುಗರು, ಬೇಲೂರು

ಉತ್ತರ: ನಂಬುತ್ತಿದ್ದರು, ಅದನ್ನು ಮುಚ್ಚಿಡಲೂ ಇಲ್ಲ. ಆತ್ಮಗಳನ್ನು ಕರೆಸುವ ಕೂಟಗಳಿಗೆ 1860ರ ದಶಕದಿಂದಲೇ ಹೋಗುತ್ತಿದ್ದರು. ಮನುಷ್ಯನ ಮನಸ್ಸು ನೈಸರ್ಗಿಕ ಆಯ್ಕೆಯಿಂದಲೇ ಬಂದಿರಲಾರದೆಂದು ವಾದಿಸಿ ಡಾರ್ವಿನ್ನರಿಗೆ ನೋವುಂಟುಮಾಡಿದರು. ಸಿಡುಬಿನ ಲಸಿಕೆಯನ್ನು ವಿರೋಧಿಸಿದರು, ಅದರಲ್ಲಿ ಅವರದು ಶುದ್ಧ ತಪ್ಪು. ಖಾಯಂ ನೌಕರಿ ಜೀವನಪೂರ್ತಿ ಸಿಗಲಿಲ್ಲ, ಹೂಡಿದ ಹಣವೂ ಮುಳುಗಿತು. ಹೀಗಿದ್ದೂ ಡಾರ್ವಿನ್ ತಾವೇ ಓಡಾಡಿ 1881ರಲ್ಲಿ ಅವರಿಗೆ ವರ್ಷಕ್ಕೆ 200 ಪೌಂಡುಗಳ ಸರ್ಕಾರಿ ಪಿಂಚಣಿ ಕೊಡಿಸಿದರು. 1913ರ ನವೆಂಬರ್ 7ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ವಾಲೇಸ್ ತೀರಿಕೊಂಡರು.

ಪ್ರಶ್ನೆ: ವಾಲೇಸ್ ನಮ್ಮ ಪಶ್ಚಿಮ ಘಟ್ಟಕ್ಕೆ ಬಂದಿದ್ದರೇ?
— ಓದುಗರು, ಕೊಪ್ಪ

ಉತ್ತರ: ಘಟ್ಟದಲ್ಲಿ ಅವರು ಕೆಲಸ ಮಾಡಲಿಲ್ಲ. 1876ರ ತಮ್ಮ ಪ್ರಾಣಿಭೂಗೋಳದ ಗ್ರಂಥದಲ್ಲಿ ದಕ್ಷಿಣ ಭಾರತವನ್ನು ಸಿಂಹಳದೊಂದಿಗೆ ಸೇರಿಸಿ ಒಂದು ಉಪವಲಯವಾಗಿಸಿದ್ದು ಇತರರ ಪಟ್ಟಿಗಳ ಆಧಾರದ ಮೇಲೆ. ಭಾರತದ ನೆಲದಲ್ಲಿ ಅವರು ಒಂದು ವಾರ ಇದ್ದದ್ದು ಮುಂಬಯಿಯಲ್ಲಿ, 1862ರಲ್ಲಿ ಊರಿಗೆ ಮರಳುವಾಗ. ಅದಕ್ಕೆ ಕಾರಣ ಬಾಳೆಹಣ್ಣು. ಸಿಂಗಪುರದಲ್ಲಿ ಕೊಂಡ ಎರಡು ಜೀವಂತ ಸ್ವರ್ಗದ ಹಕ್ಕಿಗಳು ಜೊತೆಗಿದ್ದವು. ಪ್ರಯಾಣದ ನಡುವೆ ತುಸು ವಿಶ್ರಾಂತಿಗೂ ಅವುಗಳಿಗೆ ಹೊಸ ಬಾಳೆಗೊನೆ ತುಂಬಿಕೊಳ್ಳಲೂ ಅಲ್ಲಿ ಇಳಿದರು. ಹಕ್ಕಿಗಳಿಗೆ ಬಾಳೆಹಣ್ಣಿನಷ್ಟೇ ಪ್ರಿಯವಾದ ಜಿರಲೆಗಳು ಆ ಅಚ್ಚುಕಟ್ಟಾದ ಉಗಿಹಡಗಿನಲ್ಲಿ ಸಾಕಷ್ಟು ಸಿಗಲಿಲ್ಲ. ಕೊನೆಗೆ ಮಾಲ್ಟಾದಲ್ಲಿ ಇಳಿದಾಗ ರೊಟ್ಟಿ ಸುಡುವ ಅಂಗಡಿಯೊಂದರಲ್ಲಿ ಬೇಕಾದಷ್ಟು ಸಿಕ್ಕವು. ಅವನ್ನು ಡಬ್ಬಿಗಳಲ್ಲಿ ತುಂಬಿಸಿಕೊಂಡು, ಎರಡು ಹಕ್ಕಿಗಳನ್ನೂ ಜೀವಸಹಿತ ಲಂಡನ್ನಿನ ಮೃಗಾಲಯಕ್ಕೆ ತಲುಪಿಸಿದರು.